ಪುನರ್ವಸತಿ ಮನೆಯಲ್ಲಿ ಒಬ್ಬರ ಒಂದು ದಿನ

ಕೇಳುಗರಿಗೆ ನಮಸ್ಕಾರ.

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ವಯಸ್ಕರು, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ನೇರವಾಗಿ ಮನೆಗೆ ಹೋಗಲಾಗದಿದ್ದಾಗ, ಕೆಲವು ತಿಂಗಳೋ ಕೆಲವು ವರ್ಷವೋ ಇರುವ ಪುನರ್ವಸತಿ ಮನೆಗಳ ಬಗ್ಗೆ ಇಂದು ಮಾತನಾಡುತ್ತೇನೆ. ಹಾಫ್‌ವೇ ಹೋಮ್ ಎಂಬ ಹೆಸರು ಬೆಂಗಳೂರಿಗೆ ಹೊಸದಲ್ಲ. ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್‌ನಂಥ ಸಂಸ್ಥೆಗಳು ದಶಕಗಳ ಹಿಂದೆಯೇ ಇಲ್ಲಿ ಇಂಥ ಮನೆಗಳನ್ನು ತೆರೆದಿವೆ. ಮಗನನ್ನೋ ತಂಗಿಯನ್ನೋ ಸೇರಿಸಲು ಬರುವವರು ಸಮಾಜ ಕಾರ್ಯಕರ್ತೆಯಾದ ನನ್ನನ್ನು ಮೊದಲು ಕೇಳುವುದು, "ಜಾಗ ಚೆನ್ನಾಗಿದೆಯಾ ಮೇಡಂ?" ಎಂದು. ಅವರ ಕಣ್ಣಿಗೆ ಬೀಳುವುದು ನೆಲದ ಟೈಲ್ಸು, ಸಿಸಿಟಿವಿ, ಮುಂದಿನ ಕೈತೋಟ. ನಾನು ಮಾತ್ರ, ಅಲ್ಲಿರುವವರು ತಮ್ಮ ದಿನದಲ್ಲಿ ಏನನ್ನಾದರೂ ತಾವೇ ನಿರ್ಧರಿಸುತ್ತಾರೆಯೇ ಎಂಬುದನ್ನು ನೋಡಿರೆಂದು ಹೇಳುತ್ತೇನೆ.

2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಲಾಗಿದ್ದ 28 ಜನ ಓಡಲಾಗದೆ ಸುಟ್ಟು ಸತ್ತರು. ಇಂದು ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಅದೇ ಕಾಯ್ದೆಯ 20ನೇ ಕಲಮು ಇನ್ನೂ ಮುಂದೆ ಹೋಗಿ, ಒತ್ತಾಯದಿಂದ ತಲೆ ಬೋಳಿಸಬಾರದು, ಸಮವಸ್ತ್ರ ಹೇರಬಾರದು, ಸ್ವಂತ ಬಟ್ಟೆ ಉಡಲು ಬಿಡಬೇಕು, ಹೆಣ್ಣುಮಕ್ಕಳಿಗೆ ಮುಟ್ಟಿನ ಸಮಯದಲ್ಲಿ ಬೇಕಾದ ವಸ್ತುಗಳು ಸಿಗಬೇಕು, ಬಲವಂತವಾಗಿ ಕೆಲಸ ಮಾಡಿಸಬಾರದು, ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಕೊಡಬೇಕು ಎನ್ನುತ್ತದೆ. ಇಷ್ಟು ಚಿಕ್ಕ ವಿಷಯಗಳನ್ನು ಸಂಸತ್ತು ಬರೆದು ಹೇಳಬೇಕಾಯಿತೆಂದರೆ, ಅವು ಎಷ್ಟು ಕಡೆ ಇಲ್ಲವಾಗಿದ್ದವೆಂದು ಊಹಿಸಬಹುದು.

ಬಟ್ಟೆಯ ವಿಷಯವನ್ನೇ ನೋಡಿ. ಎಲ್ಲರ ಬಟ್ಟೆಯನ್ನೂ ಒಟ್ಟಿಗೆ ಒಗೆದು, ಒಣಗಿದ ಮೇಲೆ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಹಂಚುವ ಮನೆಗಳನ್ನು ನಾನು ಕಂಡಿದ್ದೇನೆ. ತಾಯಿ ದೀಪಾವಳಿಗೆ ತಂದುಕೊಟ್ಟ ಚೂಡಿದಾರ ಮಾರನೆಯ ವಾರ ಬೇರೆಯವರ ಮೈಮೇಲೆ ಇರುತ್ತದೆ. ಅದು ತನ್ನದೆಂದು ಆಕೆ ಜಗಳ ತೆಗೆದರೆ ಫೈಲಿನಲ್ಲಿ 'ಉದ್ರೇಕಗೊಂಡಿದ್ದಾರೆ' ಎಂಬ ಸಾಲು ಸೇರುತ್ತದೆ. ಕಾಲರಿನ ಒಳಗೆ ಅಳಿಸದ ಶಾಯಿಯಲ್ಲಿ ಹೆಸರು ಬರೆದು, ಬೀಗವಿರುವ ಒಂದೊಂದು ಪುಟ್ಟ ಕಪಾಟು ಕೊಟ್ಟರೆ ಈ ತೊಂದರೆ ತಪ್ಪುತ್ತದೆ, ಅದಕ್ಕೆ ಖರ್ಚೂ ಹೆಚ್ಚಿಲ್ಲ.

ರಾತ್ರಿಯ ಊಟದ ಹೊತ್ತು ಇದಕ್ಕಿಂತ ಗಂಭೀರವಾದದ್ದು. ಅಡುಗೆಯವರು ಕೊನೆಯ ಬಸ್ಸು ಹಿಡಿಯಬೇಕೆಂಬ ಕಾರಣಕ್ಕೆ ಸಂಜೆ ಆರಕ್ಕೇ ಊಟ ಮುಗಿಯುತ್ತದೆ, ಏಳಕ್ಕೆ ಮಾತ್ರೆ, ಎಂಟಕ್ಕೆ ದೀಪ ಆರಿಸುತ್ತಾರೆ. ಎಂಟಕ್ಕೆ ಮಲಗಿದವರಿಗೆ ಬೆಳಗಿನ ಜಾವ ಮೂರಕ್ಕೆ ಹಸಿವಾಗಿ ಎಚ್ಚರವಾಗುವುದು ಸಹಜ. ಆದರೆ ಎದ್ದು ಓಡಾಡಿದರೆ ನಿದ್ರಾಹೀನತೆ ಎಂದು ದಾಖಲಾಗಿ, ಮುಂದಿನ ವೈದ್ಯರ ಭೇಟಿಯಲ್ಲಿ ಮಾತ್ರೆಯ ಪ್ರಮಾಣ ಹೆಚ್ಚುತ್ತದೆ. ಅಡುಗೆಯವರ ಬಸ್ಸಿನ ವೇಳೆ ಒಬ್ಬರ ರಕ್ತಕ್ಕೆ ಸೇರುವ ಔಷಧವನ್ನು ನಿರ್ಧರಿಸುವುದು ಹೀಗೆ, ಯಾರದೂ ಕೆಟ್ಟ ಉದ್ದೇಶವಿಲ್ಲದೆಯೇ.

ಅಡುಗೆಮನೆಗೆ ಬೀಗ ಹಾಕಿಟ್ಟು ಪುನರ್ವಸತಿಯ ಮಾತಾಡುವುದೂ ನನಗೆ ಒಪ್ಪಿಗೆಯಿಲ್ಲ. ಗ್ಯಾಸ್, ಚಾಕು ಇವುಗಳಿಂದ ಅಪಾಯವಿದೆ ಎನ್ನುತ್ತಾರೆ. ಕೆಲವರ ಕೆಲವು ದಿನಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಇಪ್ಪತ್ತು ವರ್ಷ ಸಂಸಾರಕ್ಕೆ ಅಡುಗೆ ಮಾಡಿ ಹಾಕಿದ ಹೆಂಗಸು ಎರಡು ವರ್ಷ ಒಲೆ ಹಚ್ಚದೆ ಇದ್ದು ಮನೆಗೆ ಮರಳಿದರೆ, ಅವರನ್ನು ಒಲೆಯ ಹತ್ತಿರ ಬಿಡಲು ಮನೆಯವರೂ ಹೆದರುತ್ತಾರೆ. ಮೊದಲು ಸಿಬ್ಬಂದಿ ಪಕ್ಕದಲ್ಲಿ ನಿಂತು, ಆಮೇಲೆ ದೂರದಿಂದ ನೋಡುತ್ತ, ಕೊನೆಗೆ ಅವರೊಬ್ಬರೇ ನಾಲ್ಕು ಜನಕ್ಕೆ ಕಾಫಿ ಮಾಡುವ ಹಂತ ಬರಬೇಕು. ಬ್ಯಾಂಕಿಗೆ ಹೋಗುವುದು, ಬಸ್ಸು ಹತ್ತುವುದು ಇವೂ ಹಾಗೆಯೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅರ್ಹರಿಗೆ ಗುರುತಿನ ಚೀಟಿ ಮತ್ತು ಮಾಸಾಶನ ಮಾಡಿಸಿಕೊಡುವುದನ್ನು ನಾನು ಆರೈಕೆಯ ಭಾಗವೆಂದೇ ಎಣಿಸುತ್ತೇನೆ.

ಇನ್ನು ದೇಹದ ಆರೋಗ್ಯ. ಕಾಯಿಲೆ ಮನಸ್ಸಿನದೆಂದು ಬರೆದುಕೊಂಡ ಮೇಲೆ ದೇಹ ಮರೆತುಹೋಗುತ್ತದೆ. ಈ ಮಾತ್ರೆಗಳಲ್ಲಿ ಕೆಲವು ತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸುತ್ತವೆ. ಲಿಥಿಯಂ ಸೇವಿಸುವವರಿಗೆ ರಕ್ತದಲ್ಲಿ ಅದರ ಮಟ್ಟ, ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆ ನಿಯಮಿತವಾಗಿ ಆಗಬೇಕು. ಕ್ಲೋಜಪಿನ್ ಸೇವಿಸುವವರಿಗೆ ಬಿಳಿ ರಕ್ತಕಣಗಳ ಎಣಿಕೆ ತಪ್ಪುವಂತಿಲ್ಲ. ಕ್ಲೋಜಪಿನ್‌ನಿಂದ ಬರುವ ಮಲಬದ್ಧತೆ ಕೆಲವೊಮ್ಮೆ ಪ್ರಾಣಕ್ಕೇ ಕುತ್ತಾಗುತ್ತದೆ. ಹಾಗಾಗಿ, "ಇವತ್ತು ಕಕ್ಕಸಿಗೆ ಹೋದ್ರಾ ಅಣ್ಣಾ?" ಎಂದು ಸಂಕೋಚವಿಲ್ಲದೆ ಕೇಳಿ ಬರೆದಿಡುವ ನರ್ಸ್ ಇರುವ ಮನೆಯ ಮೇಲೆ ನನಗೆ ಅಪಾರ ನಂಬಿಕೆ.

ಅಂಥ ನರ್ಸ್ ಉಳಿದುಕೊಳ್ಳಬೇಕಾದರೆ ಸಂಬಳ ಸರಿಯಿರಬೇಕು. ರಾತ್ರಿ ಪಾಳಿಯಲ್ಲಿ ಇಪ್ಪತ್ತೈದು ಮೂವತ್ತು ಜನರಿಗೆ ಒಬ್ಬರೇ ಸಹಾಯಕರಿದ್ದರೆ, ಅವರು ಎಷ್ಟೇ ಒಳ್ಳೆಯವರಾದರೂ ಬಾಗಿಲಿಗೆ ಬೀಗ ಹಾಕುವುದೊಂದೇ ಅವರಿಗೆ ಉಳಿದಿರುವ ದಾರಿ.

ಮನೆಯವರಲ್ಲಿ ನನ್ನ ಕೋರಿಕೆಯಿಷ್ಟು: ನೋಂದಣಿ ಪತ್ರ ತೋರಿಸಲು ಹೇಳಿ. ಕೆಲವೊಮ್ಮೆ ಮುಂಚಿತವಾಗಿ ತಿಳಿಸದೆ ಹೋಗಿ. ಬಚ್ಚಲಿಗೆ ಒಳಚಿಲಕ ಇದೆಯೇ ನೋಡಿ. ಸಿಬ್ಬಂದಿ ಪಕ್ಕದಲ್ಲಿಲ್ಲದೆ ನಿಮ್ಮವರೊಡನೆ ಮಾತನಾಡಿ. ಫೋನು ಮಾಡುವುದು, ಭೇಟಿಗೆ ಬಂದವರನ್ನು ಕಾಣುವುದು ಅವರ ಕಾನೂನುಬದ್ಧ ಹಕ್ಕು. ಸೇವೆಯಲ್ಲಿ ಕೊರತೆ ಕಂಡರೆ ಮನೆಯ ಮುಖ್ಯಸ್ಥರಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ 2017ರ ಕಾಯ್ದೆಯಡಿ ರಚನೆಯಾಗುವ ಮಾನಸಿಕ ಆರೋಗ್ಯ ಪರಾಮರ್ಶೆ ಮಂಡಳಿಗೆ ದೂರು ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸೇರಿಸುವ ದಿನವೇ "ಇವರು ಹೊರಡುವುದು ಯಾವಾಗ, ಅದಕ್ಕೆ ಏನು ಸಿದ್ಧತೆ?" ಎಂದು ಕೇಳಿ. ಈ ಪ್ರಶ್ನೆಗೆ ತಡವರಿಸುವ ಮನೆಯಲ್ಲಿ ಬೇರೆ ಯಾವ ಸೌಕರ್ಯವಿದ್ದರೂ ಯೋಚಿಸಿ ಮುಂದುವರಿಯಿರಿ. ಸೇರಿಸಿದ ಮೇಲೆ ನಿಮ್ಮ ಫೋನ್ ನಂಬರನ್ನು ದಯವಿಟ್ಟು ಬದಲಾಯಿಸಬೇಡಿ.

ಕರೆದೊಯ್ಯುವವರೇ ಇಲ್ಲದವರ ಗತಿಯೇನು? ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ, ಸೂರಿಲ್ಲ ಎಂಬ ಕಾರಣಗಳಿಗಾಗಿ ಮಾತ್ರವೇ ಯಾರನ್ನೂ ಇಂಥ ಸಂಸ್ಥೆಯಲ್ಲಿ ಉಳಿಸಿಕೊಳ್ಳಬಾರದೆಂದು ಅದೇ 2017ರ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಚೆನ್ನೈನ ಬ್ಯಾನಿಯನ್ ಸಂಸ್ಥೆ ಇದಕ್ಕೊಂದು ದಾರಿ ತೋರಿಸಿದೆ: ವರ್ಷಗಟ್ಟಲೆ ಸಂಸ್ಥೆಯೊಳಗಿದ್ದವರು ನಾಲ್ಕೈದು ಜನ ಸೇರಿ ಊರಿನೊಳಗಿನ ಸಾಮಾನ್ಯ ಬಾಡಿಗೆ ಮನೆಯಲ್ಲಿ, ಅಗತ್ಯವಿದ್ದಷ್ಟು ಸಹಾಯದೊಂದಿಗೆ, ತಮ್ಮ ಸಂಸಾರ ತಾವೇ ನಡೆಸುತ್ತಾರೆ. ನಮ್ಮ ಜಿಲ್ಲೆಗಳಲ್ಲೂ ಅಂಥ ಮನೆಗಳು ಬೇಕಾಗಿವೆ. ಅದಕ್ಕೆ ಸರ್ಕಾರದ ಹಣ ಬೇಕು, ತರಬೇತಾದ ಸಹಾಯಕರು ಬೇಕು. ಜೊತೆಗೆ, ಕಾಯಿಲೆಯ ಹೆಸರು ಕೇಳಿದ ಕೂಡಲೇ ಅಡ್ವಾನ್ಸ್ ವಾಪಸು ಮಾಡದ ಮನೆ ಮಾಲೀಕರೂ ಬೇಕು. ಈ ಮಾತನ್ನು ಕೇಳುತ್ತಿರುವವರಲ್ಲಿ ಯಾರದಾದರೂ ಮನೆ ಬಾಡಿಗೆಗೆ ಖಾಲಿಯಿದ್ದರೆ, ಅವರಲ್ಲಿ ನನ್ನದು ನೇರವಾದ ವಿನಂತಿ: ಅಂಥವರು ಬಂದು ಕೇಳಿದಾಗ ಇಲ್ಲವೆನ್ನಬೇಡಿ.

ನಮಸ್ಕಾರ.