ಮೊದಲು ಕೈಗಳನ್ನು ನೋಡಿ

ಸ್ನೇಹಿತರೇ, ಈ ವ್ಯಂಗ್ಯಚಿತ್ರ ಶಿಬಿರಕ್ಕೆ ಕರೆಯುವಾಗ ನೀವು ನನಗೆ ಕೊಟ್ಟ ವಿಷಯ ‘ಯಾರ ಮುಖದಲ್ಲಿ ಏನನ್ನು ಹಿಗ್ಗಿಸಬೇಕು’ ಎಂಬುದು. ಕ್ಷಮಿಸಬೇಕು, ಅದನ್ನು ನಾನು ಹೇಳಿಕೊಡುವುದಿಲ್ಲ. ದೊಡ್ಡ ಮೂಗಿನವರಿಗೆ ಸೋರೆಕಾಯಿಯಂತಹ ಮೂಗು, ಹೊಟ್ಟೆ ಇದ್ದವರಿಗೆ ಗುಡಾಣದಂತಹ ಹೊಟ್ಟೆ ಬರೆದರೆ ಕ್ಯಾರಿಕೇಚರ್ ಮುಗಿಯಿತು ಎಂದುಕೊಂಡ ಹುಡುಗ ಹುಡುಗಿಯರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೂಗು ಎಲ್ಲರಿಗೂ ಇದೆ. ಆ ಮೂಗನ್ನು ಹೊತ್ತುಕೊಂಡು ಒಬ್ಬ ಮನುಷ್ಯ ಹೇಗೆ ನಿಲ್ಲುತ್ತಾನೆ, ಹೇಗೆ ಕೂರುತ್ತಾನೆ, ಮಾತಿನ ನಡುವೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ? ನಮ್ಮ ಕೆಲಸ ಅಲ್ಲಿದೆ.

ಇದನ್ನು ನನಗೆ ಕಲಿಸಿದವರು ಅಮೆರಿಕದ ಕ್ಯಾರಿಕೇಚರ್ ಕಲಾವಿದ ಮಾರ್ಟ್ ಡ್ರಕರ್. ಅವರನ್ನು ನಾನು ಒಮ್ಮೆಯೂ ಕಂಡವನಲ್ಲ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಅವರ ಚಿತ್ರಗಳಿದ್ದ, ರಟ್ಟು ಹರಿದ ‘ಮ್ಯಾಡ್’ ಎಂಬ ಅಮೆರಿಕದ ಹಾಸ್ಯಪತ್ರಿಕೆಯ ಸಂಚಿಕೆಯೊಂದು ಸಿಕ್ಕಿತು, ಅಲ್ಲಿಂದ ಶುರು. ಸಾಧಾರಣ ಕಾಗದ, ಒಳಗೆಲ್ಲ ಕಪ್ಪು ಬಿಳುಪು. ಒಂದು ಪುಟದಲ್ಲಿ ಹತ್ತು ಹದಿನೈದು ಜನ. ಹಿಂದಿನ ಸಾಲಿನಲ್ಲಿ ಅರ್ಧ ಮುಖವಷ್ಟೇ ಕಾಣುವ ಮಾಣಿಗೂ ಅವನದೇ ಒಂದು ಬೇಸರವಿತ್ತು. ಆ ಮಾಣಿಯನ್ನು ನಾನು ಎಷ್ಟು ಸಲ ನೋಡಿ ಬರೆದಿದ್ದೇನೋ ಲೆಕ್ಕವಿಲ್ಲ.

ಡ್ರಕರ್ ಹುಟ್ಟಿದ್ದು 1929ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಹದಿಹರೆಯದಲ್ಲೇ ಕಾಮಿಕ್ಸ್ ಕಲಾವಿದರೊಬ್ಬರಿಗೆ ಸಹಾಯಕರಾದರು. ಆಮೇಲೆ ಒಂದು ಕಾಮಿಕ್ಸ್ ಸಂಸ್ಥೆಯಲ್ಲಿ ಇನ್ನೊಬ್ಬರ ಚಿತ್ರ ತಿದ್ದುವ ಕೆಲಸ. 1956ರಲ್ಲಿ ‘ಮ್ಯಾಡ್’ ಕಚೇರಿಗೆ ಚಿತ್ರಗಳ ಕಟ್ಟು ಹಿಡಿದು ಹೋದಾಗ ಅಲ್ಲಿ ಬೇಸ್‌ಬಾಲ್ ಗುಂಗು. ಪ್ರಕಾಶಕ ಬಿಲ್ ಗೇನ್ಸ್, ‘ಇವತ್ತು ಬ್ರೂಕ್ಲಿನ್ ತಂಡ ಗೆದ್ದರೆ ಕೆಲಸ ನಿನಗೆ’ ಎಂದರಂತೆ. ತಂಡ ಅವತ್ತಿನ ಪಂದ್ಯ ಗೆದ್ದಿತು. ಸರಣಿಯನ್ನು ಸೋತಿತು, ಆ ಮಾತು ಬೇರೆ. ಡ್ರಕರ್ ಮಾತ್ರ 2008ರವರೆಗೆ ಆ ಪತ್ರಿಕೆಗೆ ಬರೆದರು. ಐವತ್ತು ವರ್ಷ ದಾಟಿದ ಋಣಾನುಬಂಧ ಅದು.

ಅವರ ಕೆಲಸ ಹೇಗಿರುತ್ತಿತ್ತು ಎಂದು ಹೇಳುತ್ತೇನೆ, ಏಕೆಂದರೆ ಚಿತ್ರಗಾರ ಮೂಡು ಬಂದಾಗ ಕೂತು ಗೀಚುತ್ತಾನೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಸಿನಿಮಾವನ್ನು ಚಿತ್ರಗಳಲ್ಲಿ ಗೇಲಿ ಮಾಡುವ ಅಣಕವಾದರೆ ಲೇಖಕರು ಮೊದಲು ಸಂಭಾಷಣೆ ಮುಗಿಸುತ್ತಿದ್ದರು. ಅದನ್ನು ಅಚ್ಚಿನ ಅಕ್ಷರದಲ್ಲಿ ಜೋಡಿಸಿ, ದಪ್ಪ ಹಾಳೆಯ ಮೇಲೆ ಅಂಟಿಸಿ ಕಲಾವಿದರಿಗೆ ಕೊಡುತ್ತಿದ್ದರು. ಅಂದರೆ ಮಾತು ಮೊದಲೇ ಬಂದು ಜಾಗ ಹಿಡಿದು ಕೂತಿದೆ. ಉಳಿದ ಸಂದಿಗೊಂದಿಗಳಲ್ಲಿ ನಟ, ನಟಿ, ಕುದುರೆ, ಕಾರು, ಗುಂಪು ಎಲ್ಲವೂ ಹಿಡಿಸಬೇಕು. ವಿಡಿಯೊ ಇಲ್ಲದ ಕಾಲ. ನಿಲ್ಲಿಸಿ, ಹಿಂದೆ ತಿರುಗಿಸಿ ನೋಡುವ ಹಾಗಿಲ್ಲ. ಸಿಕ್ಕಿದ ಸ್ಥಿರಚಿತ್ರಗಳನ್ನು ಸುತ್ತ ಹರಡಿಕೊಂಡು ಬರೆಯಬೇಕು. ಫೋಟೊದಲ್ಲಿ ನಟ ಎಡಕ್ಕೆ ನೋಡುತ್ತಿದ್ದರೆ ಪುಟದಲ್ಲಿ ಅವನು ಬಲಕ್ಕೆ ತಿರುಗಿ ಕಿರುಚಬೇಕಾಗಿರುತ್ತದೆ. ಆ ತಿರುಗುವಿಕೆ ಯಾವ ಫೋಟೊದಲ್ಲೂ ಇಲ್ಲ, ಕಲಾವಿದನ ತಲೆಯೊಳಗೇ ಆಗಬೇಕು. ತಾನು ಕ್ಯಾಮೆರಾ ಆಗುತ್ತೇನೆ ಎಂಬರ್ಥದ ಮಾತನ್ನು ಡ್ರಕರ್ ಆಡಿದ್ದಾರೆ. ಒಮ್ಮೆ ಮೇಲಿನಿಂದ, ಒಮ್ಮೆ ನೆಲಕ್ಕೆ ಕಣ್ಣಿಟ್ಟು, ಒಮ್ಮೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ.

ಅವರ ಇನ್ನೊಂದು ಮಾತನ್ನು ಬರೆದುಕೊಳ್ಳಿ. ಎಲ್ಲರಿಗೂ ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಆದರೂ ಒಬ್ಬರಂತೆ ಒಬ್ಬರಿಲ್ಲ. ವ್ಯತ್ಯಾಸ ಇರುವುದು ಅವುಗಳ ನಡುವಿನ ಜಾಗದಲ್ಲಿ. ಇದನ್ನು ಓದಿದ ಮೇಲೆ ಒಂದು ತಿಂಗಳು ನಾನು ಕಣ್ಣು ಮೂಗು ಬರೆಯುವುದನ್ನು ಬಿಟ್ಟು ಬರೀ ಅಂತರಗಳನ್ನು ಅಳೆದೆ. ಬಸ್ಸಿನಲ್ಲಿ ಎದುರು ಕೂತವರು ನನ್ನನ್ನು ಅನುಮಾನದಿಂದ ನೋಡಿ ಸೀಟು ಬದಲಾಯಿಸಿದ್ದೂ ಉಂಟು.

ಈಗ ನನಗೆ ಬಲು ಪ್ರಿಯವಾದ ಕಥೆ. ಕೇಳಿದವರು ಇನ್ನೊಮ್ಮೆ ಕೇಳಿ. ‘ಸ್ಟಾರ್ ವಾರ್ಸ್’ ಸರಣಿಯ ಎರಡನೆಯ ಚಿತ್ರ 1980ರಲ್ಲಿ ಬಂತು. ‘ಮ್ಯಾಡ್’ ಅದರ ಅಣಕವನ್ನು ಪ್ರಕಟಿಸಿತು. ಬರಹ ಡಿಕ್ ಡಿಬಾರ್ಟೊಲೊ ಅವರದು, ಚಿತ್ರ ಡ್ರಕರ್ ಅವರದು. ಚಿತ್ರ ತಯಾರಿಸಿದ ಸಂಸ್ಥೆಯ ವಕೀಲರು ಕೆಂಡವಾದರು. ಸಂಚಿಕೆಯನ್ನು ಹಿಂದಕ್ಕೆ ಪಡೆಯಿರಿ, ಇಲ್ಲವಾದರೆ ನೋಡಿ ಎಂಬ ಧಾಟಿಯ ಪತ್ರ ಬಂತು. ಪಾಪ, ವಕೀಲರಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಅವರ ಯಜಮಾನ ಜಾರ್ಜ್ ಲೂಕಾಸ್ ಅದೇ ಅಣಕವನ್ನು ಓದಿ, ನಕ್ಕು, ಪತ್ರಿಕೆಗೆ ತಾವೇ ಮೆಚ್ಚುಗೆಯ ಪತ್ರ ಬರೆದಿದ್ದರು. ಅದರಲ್ಲಿ ಡಿಬಾರ್ಟೊಲೊ ಅವರನ್ನು ಬರ್ನಾರ್ಡ್ ಶಾಗೂ ಡ್ರಕರ್ ಅವರನ್ನು ಲಿಯೊನಾರ್ಡೊ ಡ ವಿಂಚಿಗೂ ಹೋಲಿಸಿದ್ದರು. ಸಂಪಾದಕರು ಆ ಪತ್ರದ ಒಂದು ಪ್ರತಿ ತೆಗೆದು, ನಿಮ್ಮ ಯಜಮಾನರಿಗಂತೂ ಇಷ್ಟವಾಗಿದೆ ಎಂದು ವಕೀಲರಿಗೆ ಕಳಿಸಿದರು. ಆ ಕಡೆಯಿಂದ ಮತ್ತೆ ಸದ್ದಿಲ್ಲ!

ನಕ್ಕಿರಿ, ಸಂತೋಷ. ಆದರೆ ಆ ಯಜಮಾನ ಮೆಚ್ಚಿದ್ದು ಏನನ್ನು ಎಂದು ಯೋಚಿಸಿ. ಉದ್ದ ಮೂಗನ್ನಂತೂ ಇರಲಾರದು. ತನ್ನ ಚಿತ್ರಕ್ಕಾಗಿ ಕ್ಯಾಮೆರಾ, ದೀಪಗಳ ಮುಂದೆ ನಿಂತ ಮನುಷ್ಯರು ಶಾಯಿಯಲ್ಲಿ ಮತ್ತೆ ಎದ್ದು ನಿಂತದ್ದನ್ನು ಮೆಚ್ಚಿರಬೇಕು ಎಂದೇ ನಾನು ನಂಬಿದ್ದೇನೆ.

ಕೈಗಳ ಮಾತಿಗೆ ಬರುತ್ತೇನೆ. ಮುಖ ಬಿಟ್ಟರೆ ಹೆಚ್ಚು ಮಾತನಾಡುವುದು ಕೈ ಎಂದು ಡ್ರಕರ್ ತಿಳಿದಿದ್ದರು. ಅವರ ಪುಟದಲ್ಲಿ ಮುಖಗಳನ್ನೆಲ್ಲ ಮುಚ್ಚಿ ನೋಡಿ. ಯಾರು ಸುಳ್ಳು ಹೇಳುತ್ತಿದ್ದಾರೆ, ಯಾರು ಸಾಲ ಕೇಳುತ್ತಿದ್ದಾರೆ ಎಂದು ಬೆರಳುಗಳೇ ಹೇಳುತ್ತವೆ. ನಾನೊಮ್ಮೆ ವಾರಪತ್ರಿಕೆಯೊಂದಕ್ಕೆ ಹರಟೆಯ ಚಿತ್ರ ಬರೆದೆ. ನಶ್ಯದ ಮೇಷ್ಟರ ಕಥೆ. ಹುಡುಗ ಉತ್ತರ ಹೇಳುವವರೆಗೂ ಮೇಷ್ಟರು ಚಿಟಿಕೆ ನಶ್ಯವನ್ನು ಏರಿಸದೆ ಹಿಡಿದೇ ಇರುತ್ತಾರೆ. ಹೆಬ್ಬೆರಳು ತೋರುಬೆರಳ ನಡುವೆ ನಶ್ಯ, ಉಳಿದ ಮೂರು ಬೆರಳು ಗಾಳಿಯಲ್ಲಿ. ಆ ಮೂರು ಬೆರಳಿಗಾಗಿ ಎರಡು ರಾತ್ರಿ ಕೂತಿದ್ದೆ, ನಿಬ್ಬು ಬದಲಿಸಿ ಬದಲಿಸಿ. ಪತ್ರಿಕೆ ಬಂದಾಗ ನೋಡುತ್ತೇನೆ, ಕೆಳಗೆ ಟ್ಯುಟೋರಿಯಲ್ ಜಾಹೀರಾತು ಹಾಕಲು ಚಿತ್ರವನ್ನು ಎದೆಯಿಂದ ಕತ್ತರಿಸಿದ್ದಾರೆ. ಮೇಷ್ಟರ ಮುಖವಿದೆ, ಕೈ ಇಲ್ಲ. ಕಾರಣವೇ ಇಲ್ಲದೆ ಯಾರೋ ಬಾಯಿ ತೆರೆದು ಕೂತ ಹಾಗಿದೆ. ವಿಚಾರಿಸಿದರೆ, ‘ಮುಖ ಬಂದಿದೆಯಲ್ಲ ಸಾರ್’ ಎಂದರು. ಅವತ್ತು ಹೊತ್ತ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ. ಅದೇ ಸಿಟ್ಟು ನನ್ನನ್ನು ಇಲ್ಲಿಗೆ ಕರೆತಂದಿದೆ.

‘ಮ್ಯಾಡ್’ 1957ರಿಂದ 2001ರವರೆಗೆ ಜಾಹೀರಾತನ್ನೇ ತೆಗೆದುಕೊಳ್ಳಲಿಲ್ಲ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮೇಷ್ಟರ ಮೂರು ಬೆರಳು. ಹಾಗೆಂದು ಅಲ್ಲಿ ಎಲ್ಲವೂ ನ್ಯಾಯವಾಗಿತ್ತು ಎನ್ನಲಾರೆ. ಕಲಾವಿದರಿಗೆ ಸಂಬಳವಿಲ್ಲ, ಪುಟಕ್ಕಿಷ್ಟು ಎಂದು ಹಣ. ಹಕ್ಕೂ ಮೂಲಚಿತ್ರವೂ ಪ್ರಕಾಶಕರದು. ಅದಕ್ಕಾಗಿ ಡಾನ್ ಮಾರ್ಟಿನ್‌ರಂತಹ ದೊಡ್ಡ ಕಲಾವಿದರೇ ಬೇಸತ್ತು ಹೊರಟುಹೋದರು.

ನಮ್ಮಲ್ಲಿ ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯ ವಿಷಯವನ್ನೂ ಹೇಳಬೇಕೆಂದಿದ್ದೆ. ಮೈಸೂರಿನಲ್ಲಿ ಓದುತ್ತಿದ್ದ ಆರ್. ಕೆ. ಲಕ್ಷ್ಮಣ್ ಆ ಪತ್ರಿಕೆಗೆ ಚಿತ್ರ ಬರೆದವರು. ಅವರು ಬರೆದ ಕೊಡೆಗಳನ್ನೂ ಕಾಗೆಗಳನ್ನೂ ಕುರಿತೇ ಒಂದು ಗಂಟೆ ಬೇಕು. ಚೀಟಿ ಬಂದಿದೆ, ಹತ್ತೇ ನಿಮಿಷ ಉಳಿದಿದೆಯಂತೆ. ಸಂಭಾವನೆ, ಮೂಲಚಿತ್ರದ ಹಕ್ಕು, ಕಂಪ್ಯೂಟರಿನಲ್ಲಿ ಬರೆಯುವುದು, ಈ ಮೂರೂ ಊಟದ ನಂತರ ಕೇಳಿ, ಹೇಳುತ್ತೇನೆ.

ಹತ್ತು ನಿಮಿಷ ಬರೆಯೋಣ. ಮೊದಲ ಸಾಲಿನ ಯಜಮಾನರೇ, ತಾವು ಆಗಿನಿಂದ ಎರಡೂ ಕೈಗಳಲ್ಲಿ ಕೊಡೆಯ ಹಿಡಿಕೆ ಹಿಡಿದು, ಅದರ ಮೇಲೆ ಗಲ್ಲ ಊರಿ ಕೂತಿದ್ದೀರಿ. ದಯವಿಟ್ಟು ಹಾಗೆಯೇ ಇರಿ. ಮಕ್ಕಳೇ, ಹಾಳೆ ತೆಗೆಯಿರಿ. ಮುಖ ಆಮೇಲೆ. ಬಲಗೈಯ ಕಿರುಬೆರಳು ಎಲ್ಲಿದೆ, ನೋಡಿ.