ಈಮ್ ಹಳ್ಳಿಯ ಕಲ್ಲಿನ ಪೆಟ್ಟಿಗೆ

[ದೃಶ್ಯ: ಚರ್ಚ್ ಅಂಗಳ, ಹುಲ್ಲಿನ ನಡುವೆ ಗೋರಿ]

ನಮಸ್ಕಾರ. ಈ ಕಲ್ಲಿನ ಪೆಟ್ಟಿಗೆ ನೋಡಿ. ಶವ ಇದರೊಳಗೇ ಇದೆ ಅನ್ನಿಸುತ್ತದೆ, ಅಲ್ವಾ? ಇಲ್ಲ. ಇಂಥ ಗೋರಿಗೆ ಇಂಗ್ಲೆಂಡಿನಲ್ಲಿ ಚೆಸ್ಟ್ ಟೂಮ್ ಅನ್ನುತ್ತಾರೆ. ಸುತ್ತ ಕಲ್ಲು ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸುತ್ತಾರೆ. ಶವ ಇರುವುದು ಕೆಳಗೆ, ಮಣ್ಣಿನಲ್ಲಿ.

ಇದು ಡರ್ಬಿಶೈರ್‌ನ ಈಮ್ ಹಳ್ಳಿ. 1665ರಲ್ಲಿ ಲಂಡನ್ನಿನಿಂದ ಇಲ್ಲಿನ ದರ್ಜಿಯ ಮನೆಗೆ ಬಟ್ಟೆಯ ಗಂಟು ಬಂತು. ಒದ್ದೆ ಬಟ್ಟೆ. ಕೆಲಸದ ಜಾರ್ಜ್ ವಿಕರ್ಸ್ ಅದನ್ನು ಬೆಂಕಿಯ ಮುಂದೆ ಹರವಿದ. ಅದರಲ್ಲಿ ಚಿಗಟಗಳಿದ್ದವು ಅಂತ ಊರವರ ಮಾತು. ಸೆಪ್ಟೆಂಬರ್‌ನಲ್ಲಿ ಪ್ಲೇಗಿಗೆ ಮೊದಲು ಸತ್ತವನೇ ಅವನು.

[ದೃಶ್ಯ: ಕುಳಿಗಳಿರುವ ಗಡಿಕಲ್ಲು]

1666ರ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಸೇರಿ ಜನರನ್ನು ಒಪ್ಪಿಸಿದರು: ಯಾರೂ ಊರು ಬಿಡಬಾರದು. ಹೊರಗಿನವರು ದಿನಸಿ ತಂದು ಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ದುಡ್ಡು ಕಲ್ಲಿನ ಕುಳಿಯಲ್ಲಿ, ವಿನೆಗರ್‌ನಲ್ಲಿ ಮುಳುಗಿರುತ್ತಿತ್ತು. ಸತ್ತವರನ್ನು ಮನೆಯವರೇ ಹೂಳಬೇಕು, ಅದೂ ಚರ್ಚ್ ಅಂಗಳದಲ್ಲಲ್ಲ. ತೋಟದಲ್ಲೋ ಹೊಲದಲ್ಲೋ.

ಹಾಗಾದರೆ ಈ ಗೋರಿ ಇಲ್ಲಿ ಹೇಗೆ ಬಂತು?

ಇದು ಮಾಂಪೆಸನ್‌ನ ಹೆಂಡತಿ ಕ್ಯಾಥರೀನ್‌ದು. ಇಬ್ಬರು ಮಕ್ಕಳನ್ನು ಮೊದಲೇ ಊರಾಚೆ ಕಳಿಸಿದ್ದರು. ಆಕೆ ಮಾತ್ರ ಹೋಗಲಿಲ್ಲ. ಆಗಸ್ಟ್ 25ಕ್ಕೆ ತೀರಿಕೊಂಡಳು, ವಯಸ್ಸು ಇನ್ನೂ 30 ದಾಟಿರಲಿಲ್ಲ. ಪಾದ್ರಿಯ ಹೆಂಡತಿ ಅಂತ ಇಲ್ಲಿ ಜಾಗ ಸಿಕ್ಕಿರಬೇಕು.

[ದೃಶ್ಯ: ಗೋರಿಯ ಎರಡೂ ತುದಿ, ಹತ್ತಿರದಿಂದ]

ಒಂದು ತುದಿಯಲ್ಲಿ ರೆಕ್ಕೆಯಿರುವ ಮರಳುಗಡಿಯಾರ. ಕೆಳಗೆ ಲ್ಯಾಟಿನ್‌ನಲ್ಲಿ, 'ಎಚ್ಚರ, ಆ ಗಳಿಗೆ ಯಾವುದೋ ನಿಮಗೆ ಗೊತ್ತಿಲ್ಲ.' ಇನ್ನೊಂದು ತುದಿಯಲ್ಲಿ ತಲೆಬುರುಡೆ. ಅದರಡಿ ಎರಡೇ ಪದ: 'ನನಗೆ ಲಾಭ'. ಸಾವೇ ಲಾಭ ಅನ್ನೋ ಬೈಬಲ್ ಮಾತಿನ ತುಣುಕು. ಚಿಕ್ಕ ಮಕ್ಕಳ ತಾಯಿಯ ಗೋರಿಯ ಮೇಲೆ ಇದನ್ನು ಓದುವಾಗ ಸುಮ್ನೆ ಹೌದು ಅನ್ನೋಕೆ ನನಗಂತೂ ಆಗುವುದಿಲ್ಲ.

ಆಗಸ್ಟ್ ಕೊನೆಯ ಭಾನುವಾರ ಇಲ್ಲಿ ಪ್ಲೇಗ್ ಸಂಡೇ. ಈ ಗೋರಿಗೆ ಹೂವು ಇಡುತ್ತಾರೆ.

ಈಗ ಊರಾಚೆ ಹೋಗೋಣ, ರೈಲಿ ಅನ್ನೋ ಕಡೆ.

[ದೃಶ್ಯ: ಇಳಿಜಾರಿನ ಹೊಲ, ಸುತ್ತ ಕಲ್ಲಿನ ಗೋಡೆ]

ಎಲಿಜಬೆತ್ ಹ್ಯಾನ್‌ಕಾಕ್ ಅನ್ನೋ ಹೆಂಗಸು ಅದೇ ಆಗಸ್ಟ್‌ನಲ್ಲಿ 8 ದಿನದೊಳಗೆ ಗಂಡನನ್ನೂ 6 ಮಕ್ಕಳನ್ನೂ ಒಬ್ಬಳೇ ಎಳೆದು ತಂದು ಹೂತಳು. ಅಲ್ಲೂ ಒಂದು ಕಲ್ಲಿನ ಪೆಟ್ಟಿಗೆ ಇದೆ, ಗಂಡನದು. ಪಕ್ಕದಲ್ಲೇ 6 ಗಿಡ್ಡ ಕಲ್ಲುಗಳು. ಎಲಿಜಬೆತ್ ಬದುಕುಳಿದಳು.