ಆಟಿಯ ಮಳೆಯಲ್ಲಿ ಒಲೆ ಹೊತ್ತಿಸುವ ವಿದ್ಯೆ

ಕೇಳುಗರಿಗೆಲ್ಲ ನಮಸ್ಕಾರ.

ಸ್ಕೌಟ್ ಶಿಬಿರಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. ಡೇರೆ ಹಾಕಿದ್ದು, ಹಗ್ಗಕ್ಕೆ ಗಂಟು ಹಾಕಿದ್ದು, ಎರಡೇ ಬೆಂಕಿಕಡ್ಡಿಯಲ್ಲಿ ಒಲೆ ಹೊತ್ತಿಸಿದ್ದು, ಇವಿಷ್ಟನ್ನು ಯಾರೂ ಮರೆತಿರುವುದಿಲ್ಲ. ಈ ಪಾಠ ನಮ್ಮ ಶಾಲೆಗಳಿಗೆ ಬಂದದ್ದು ಪುಸ್ತಕದ ದಾರಿಯಲ್ಲಿ. ಅಮೆರಿಕದಲ್ಲಿ ಅರ್ನೆಸ್ಟ್ ಥಾಂಪ್ಸನ್ ಸೆಟನ್ ಎಂಬವರು 1902ರಲ್ಲಿ ಹುಡುಗರಿಗೆ ಕಾಡಿನ ಬದುಕು ಕಲಿಸುವ ಕೂಟ ಕಟ್ಟಿದರು. 1907ರ ಆಗಸ್ಟಿನಲ್ಲಿ ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ತಮ್ಮ ಮೊದಲ ಶಿಬಿರ ನಡೆಸಿದರು. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ಹುಟ್ಟಿದ್ದು 1950ರಲ್ಲಿ. ನಮ್ಮ ಮೂಡುಬಿದಿರೆಯಲ್ಲೇ 2022ರ ಡಿಸೆಂಬರಿನಲ್ಲಿ ದೊಡ್ಡ ಜಾಂಬೂರಿ, ಅಂದರೆ ಸ್ಕೌಟ್‌ಗಳ ಮಹಾಮೇಳ, ನಡೆದದ್ದು ನಿಮಗೆ ನೆನಪಿರಬಹುದು.

ಆದರೆ ಆ ಪುಸ್ತಕಗಳ ಮರಗಳು ನಮ್ಮ ಮರಗಳಲ್ಲ. ಬೆಂಕಿ ಹೊತ್ತಿಸಲು ಬರ್ಚ್ ಮರದ ತೊಗಟೆ ತನ್ನಿ ಎನ್ನುತ್ತವೆ ಅವು. ಬಂಟ್ವಾಳದಲ್ಲಿ ಬರ್ಚ್ ಎಲ್ಲಿಂದ ತರುವುದು ಮಾರಾಯ್ರೆ? ಮಂಗಳೂರಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಂಥ ಊರಿಗೆ ಬೇಕಾದ ಕಾಡುವಿದ್ಯೆ ನಮ್ಮ ಬಚ್ಚಲ ಒಲೆಯ ಹತ್ತಿರ, ಅಡಿಕೆ ತೋಟದಲ್ಲಿ, ಮಲ್ಪೆಯ ಬಂದರಿನಲ್ಲಿ ಈಗಲೂ ಉಂಟು. ನಾವು ಅದನ್ನು ವಿದ್ಯೆ ಎಂದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಷ್ಟೆ.

ಬೆಂಕಿಯನ್ನೇ ಮೊದಲು ತೆಗೆದುಕೊಳ್ಳೋಣ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗಿ ಹೋಗುವ ತನಕ ಕಟ್ಟಿಗೆ ಉರಿಯುವುದಿಲ್ಲ, ಹೊಗೆ ಕಾರುತ್ತ ಕೂರುತ್ತದೆ. ಹಂಡೆಯ ಮುಂದೆ ಕೂತು ಊದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿಯೇ ಹಿಂದಿನವರು ಮಳೆ ಹಿಡಿಯುವ ಮೊದಲೇ ಸೌದೆ ಸಿಗಿದು ಕೊಟ್ಟಿಗೆಗೆ ಸೇರಿಸುತ್ತಿದ್ದರು, ಒಲೆಯ ಮೇಲಿನ ಅಟ್ಟದಲ್ಲಿ ಒಂದಿಷ್ಟು ಒಟ್ಟುತ್ತಿದ್ದರು. ಶಿಬಿರದಲ್ಲಿ ಅಟ್ಟ ಇಲ್ಲವಲ್ಲ, ಏನು ಮಾಡುವುದು? ನೆಲಕ್ಕೆ ಬಿದ್ದ ಕೊಂಬೆ ಮುಟ್ಟಬೇಡಿ, ಅದು ನೀರು ಕುಡಿದಿರುತ್ತದೆ. ಗಿಡದಲ್ಲೇ ಒಣಗಿ ನೇತಾಡುವ ಕಡ್ಡಿ ನೋಡಿ. ಬಗ್ಗಿಸಿದರೆ ಲಟಕ್ಕೆಂದು ಮುರಿಯಬೇಕು, ಬಾಗಿದರೆ ಬಿಟ್ಟುಬಿಡಿ.

ಮೇಲೆ ಒದ್ದೆಯಾದ ಕಟ್ಟಿಗೆಯೂ ಒಳಗೆ ಒಣಗಿಯೇ ಇರಬಹುದು. ಹೆಬ್ಬೆರಳಿನ ದಪ್ಪದ ಕೋಲೊಂದನ್ನು ಕತ್ತಿಯಲ್ಲಿ ಸೀಳಿ. ಒಳಗಿನ ಒಣ ಮೈಯ ಮೇಲೆ ಕತ್ತಿಯನ್ನು ಹೆಚ್ಚುಕಮ್ಮಿ ಮಲಗಿಸಿ ಹಿಡಿದು, ನಿಮ್ಮ ಮೈಯಿಂದ ಆಚೆಗೆ, ಮೆಲ್ಲಗೆ ಹೆರೆಯುತ್ತ ಬನ್ನಿ. ಸಿಪ್ಪೆ ಕೋಲಿನಿಂದ ಕಳಚಿ ಬೀಳಬಾರದು. ತುದಿಯ ತನಕ ಹೋಗಿ ಅಲ್ಲೇ ಸುರುಳಿಯಾಗಿ ನಿಲ್ಲಬೇಕು. ಮೊದಲ ನಾಲ್ಕೈದು ತುಂಡಾಗಿ ಬೀಳುವುದೇ ಸೈ, ಅವನ್ನೂ ಎತ್ತಿಡಿ, ಕೆಲಸಕ್ಕೆ ಬರುತ್ತವೆ. ಹೀಗೆ ಇಪ್ಪತ್ತು ಮೂವತ್ತು ತೆಳು ಸುರುಳಿ ಒಂದೇ ಕೋಲಿಗೆ ಅಂಟಿಕೊಂಡಿದ್ದರೆ ಒಂದು ಬೆಂಕಿಕಡ್ಡಿ ಸಾಕು. ಜೊತೆಗೆ ಒಂದು ಹಿಡಿ ಒಣ ತೆಂಗಿನ ನಾರು, ಚಿಟಿಕೆ ಧೂಪದ ಮರದ ರಾಳ. ರಾಳಕ್ಕೆ ತೇವದ ಹೆದರಿಕೆ ಇಲ್ಲ. ಬೆಂಕಿ ಹಿಡಿದ ಮೇಲೆ ಗೆರಟೆ, ಅಂದರೆ ತೆಂಗಿನ ಚಿಪ್ಪು, ಹಾಕಿ. ಗೆರಟೆ ಕೆಂಡದ ಕಾವು ಎಂಥದ್ದೆಂದು ಇಸ್ತ್ರಿ ಅಂಗಡಿಯವರು ಹೇಳಿಯಾರು.

ಇನ್ನು ಸೂಟೆ. ಟಾರ್ಚು ಬರುವ ಮುಂಚೆ ರಾತ್ರಿ ಯಕ್ಷಗಾನ ನೋಡಿ ಮನೆಗೆ ಮರಳುವವರಿಗೆ ತೆಂಗಿನ ಒಣ ಮಡಲು ಕಟ್ಟಿದ ಸೂಟೆಯೇ ದೀಪ. ಸಡಿಲ ಕಟ್ಟಿದರೆ ಭಗ್ಗೆಂದು ಉರಿದು ಮುಗಿಯುತ್ತದೆ. ಬಿಗಿಯಾಗಿ ಕಟ್ಟಿದರೆ ಕೆಂಡ ಹಿಡಿದುಕೊಂಡು ನಿಧಾನಕ್ಕೆ ಸಾಗುತ್ತದೆ, ಬೀಸಿದಾಗ ಮಾತ್ರ ಜ್ವಾಲೆ. ಗಾಳಿ ಎಷ್ಟು ಹೋಗಬೇಕೆಂಬ ಲೆಕ್ಕ ಕಟ್ಟಿದವನ ಕೈಯಲ್ಲಿ.

ಕೈ ಎಂದಾಗ ಅಷ್ಟಮಿಯ ಮೂಡೆ, ಇಡ್ಲಿ ಹಿಟ್ಟು ಹೊಯ್ದು ಬೇಯಿಸುವ ಓಲೆಯ ಕೊಳವೆ, ನೆನಪಾಗುತ್ತದೆ. ಕೇದಗೆಯ ಜಾತಿಯ ಮುಂಡೇವಿನ ಓಲೆಗೆ ಎರಡೂ ಅಂಚಿನಲ್ಲಿ ಮುಳ್ಳು, ಬೆನ್ನ ನಡುವಿನ ದಿಂಡಿನಲ್ಲೂ ಮುಳ್ಳು. ಅದನ್ನು ಕತ್ತಿಯಿಂದ ಉದ್ದಕ್ಕೆ ಸವರಿ ತೆಗೆಯಬೇಕು. ಆಮೇಲೆ ಬೆಂಕಿಯ ಮೇಲೆ ಓಡಿಸಬೇಕು, ಕರಟಬಾರದು, ಬಾಡಬೇಕು. ಬಾಡಿದ ಓಲೆಯನ್ನು ಸುತ್ತಿ ಸುತ್ತಿ ಕೊಳವೆ ಮಾಡಿ, ತಳ ಕೂರಿಸಿ, ಮುಳ್ಳಿನಿಂದಲೋ ಹಿಡಿಕಡ್ಡಿಯಿಂದಲೋ ಚುಚ್ಚಿ ನಿಲ್ಲಿಸುತ್ತಾರೆ. ನೀರು ನೀರಾದ ಹಿಟ್ಟು ಹೊಯ್ದರೂ ಸೋರುವುದಿಲ್ಲ. ಗಿಡ ಗುರುತಿಸುವುದು, ಕತ್ತಿ ಹಿಡಿಯುವುದು, ಬೆಂಕಿಯ ಕಾವು ಅಳೆಯುವುದು, ಪಾತ್ರೆ ಕಟ್ಟುವುದು, ಶಿಬಿರದಲ್ಲಿ ಕಲಿಸುವುದೆಲ್ಲ ಇದರಲ್ಲಿ ಬಂತು. ಮಾರುಕಟ್ಟೆಯಲ್ಲಿ ಖಾಲಿ ಮೂಡೆ ಕಟ್ಟಿ ಮಾರುವ ಅಮ್ಮಂದಿರನ್ನು ಯಾವ ಶಿಬಿರವೂ ಗುರುವಾಗಿ ಕರೆದದ್ದನ್ನು ನಾನಂತೂ ಕಂಡಿಲ್ಲ. ಕರೆಯಬೇಕು.

ಗಂಟಿನ ವಿಷಯಕ್ಕೆ ಮಲ್ಪೆಗೆ ಹೋಗಬೇಕು. ಸ್ಕೌಟ್ ಮಕ್ಕಳು ಶೀಟ್ ಬೆಂಡ್ ಎಂದು ಕಷ್ಟಪಟ್ಟು ಕಲಿಯುವ ಗಂಟು ಮೀನಿನ ಬಲೆಯ ಒಂದೊಂದು ಕಣ್ಣಿನಲ್ಲೂ ಇರುವ ಗಂಟೇ. ಬಂದರಿನ ಗೋಡೆಗೆ ಒರಗಿ ಬಲೆ ರಿಪೇರಿ ಮಾಡುವವರು ಅದನ್ನು ಮಾತಾಡುತ್ತಲೇ, ನೋಡದೆಯೇ ಹಾಕುತ್ತಾರೆ. ಬೋಲೈನ್ ಎಂಬ ಇನ್ನೊಂದು ಗಂಟು, ಎಷ್ಟು ಎಳೆದರೂ ಕುಣಿಕೆ ಸಣ್ಣದಾಗದ ಗಂಟು. ನೀರಲ್ಲಿ ಸಿಕ್ಕಿಬಿದ್ದವರ ಎದೆಗೆ ಹಾಕಿ ಎಳೆದರೆ ಅದು ಬಿಗಿದು ಉಸಿರು ಕಟ್ಟಿಸುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಉಡುಪಿಯ ತಗ್ಗು ಜಾಗಗಳೆಲ್ಲ ಮುಳುಗಿ, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತಲ್ಲ, ಅಂಥ ಹೊತ್ತಿಗೆ ಹಗ್ಗ ಎಲ್ಲರ ಮನೆಯಲ್ಲೂ ಇರುತ್ತದೆ, ಗಂಟು ಗೊತ್ತಿರುವವರು ಬೇಕಾಗುತ್ತಾರೆ. ಬ್ಯಾಂಡೇಜಿಗೆ ಹಾಕುವ ರೀಫ್ ಗಂಟನ್ನು ಭಾರ ಎಳೆಯಲು ಬಳಸಬಾರದು, ಜಾರುತ್ತದೆ.

ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಹಾವು ಕಚ್ಚಿದರೆ ಗಾಯ ಕೊಯ್ದು ವಿಷ ಹೀರಿ, ಮೇಲ್ಗಡೆ ಬಿಗಿಯಾಗಿ ಕಟ್ಟಿ ಎಂದು ಹಳೆಯ ಕೈಪಿಡಿಗಳು ಬರೆದವು. ಅದು ತಪ್ಪು. ಕೊಯ್ಯಬಾರದು, ಹೀರಬಾರದು, ರಕ್ತ ನಿಲ್ಲುವಂತೆ ಬಿಗಿಯಬಾರದು. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಅಲುಗದಂತೆ ಮಾಡಲು ತೋಟದ ಬುದ್ಧಿ ಉಪಯೋಗಕ್ಕೆ ಬರುತ್ತದೆ. ಅಡಿಕೆ ಹಾಳೆ ತಾನಾಗಿ ಬಾಗಿರುತ್ತದೆ, ಕಾಲಿಗೆ ಒಗ್ಗುತ್ತದೆ. ಒಳಗೆ ಬಟ್ಟೆ ಹಾಸಿ ಹಗುರಾಗಿ ಕಟ್ಟಿದರೆ ಅಲುಗದ ಹಾಗೆ ಹಿಡಿದಿಡುತ್ತದೆ. ಎರಡು ಬಿದಿರು, ಗಟ್ಟಿಯಾದ ಎರಡು ಅಂಗಿ ಇದ್ದರೆ ಸ್ಟ್ರೆಚರೂ ಆಯಿತು.

ಎಲೆ ಹಾಸಿಗೆ ಇನ್ನೊಂದು. ಒಣಗಿದ ಎಲೆ ರಾಶಿ ಹಾಕಿ ಅದರ ಮೇಲೆ ಮಲಗಿ ಎಂಬ ಸಲಹೆ ಚಳಿದೇಶದ್ದು. ನಮ್ಮ ಘಟ್ಟದ ಬುಡದಲ್ಲಿ ಅದನ್ನು ಮಾಡಲೇಬೇಡಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಅದನ್ನು ಹರಡುವ ಉಣುಗು ಇರುವುದೇ ಅಂಥ ತರಗೆಲೆಯಲ್ಲಿ. ಮಳೆ ನಿಂತ ಮೇಲೆ, ಬೇಸಿಗೆಯ ತನಕ, ಅಂದರೆ ಸರಿಯಾಗಿ ಶಿಬಿರದ ಕಾಲದಲ್ಲೇ ಅದರ ಕಾಟ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಹಾಗೆಯೇ ಗುರುತಿಲ್ಲದ ಮರಕ್ಕೆ ಕತ್ತಿ ಹಾಕಬೇಡಿ. ಚೇರೆ ಮರದ ಸೊನೆ ತಾಗಿದರೆ ಮೈ ಬಾತು ದದ್ದು ಏಳುತ್ತದೆ. ಗೇರುಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆ ನಿಜ, ಅದರ ಎಣ್ಣೆ ಚರ್ಮ ಸುಡುತ್ತದೆ, ಹೊಗೆ ಕಣ್ಣಿಗೆ ಆಗದು. ಅಡುಗೆಯ ಒಲೆಗೆ ಅದು ಬೇಡ.

ಕುದುರೆಮುಖ, ಸೋಮೇಶ್ವರ, ಮೂಕಾಂಬಿಕಾ, ಇವೆಲ್ಲ ರಕ್ಷಿತ ಕಾಡುಗಳು. ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ, ಬೆಂಕಿ ಹಾಕಿದರೆ ಕೇಸು ಬೀಳುತ್ತದೆ, ಬೀಳಬೇಕು ಕೂಡ. ಕಲಿಯಲು ಮನೆಯ ಹಿತ್ತಿಲು ಧಾರಾಳ ಸಾಕು. ಆಟಿಯ, ಅಂದರೆ ತುಳುವರ ಮಳೆಗಾಲದ ತಿಂಗಳಿನ, ಒಂದು ಭಾನುವಾರ, ಕರೆಂಟು ಹೋದ ಹೊತ್ತಿಗೆ, ಮಕ್ಕಳ ಕೈಗೆ ಕತ್ತಿ, ಒದ್ದೆ ಕೋಲು, ಎರಡು ಬೆಂಕಿಕಡ್ಡಿ ಕೊಟ್ಟು ಜಗಲಿಯಲ್ಲಿ ನೀವು ಪಕ್ಕದಲ್ಲೇ ಕೂತುಕೊಳ್ಳಿ. ಒಂದು ಪಾತ್ರೆ ನೀರು ಕುದಿಸಲಿ. ಗುಳುಗುಳು ಕುದಿ ಬಂದು ಒಂದು ನಿಮಿಷ ಆದರೆ ಕುಡಿಯಲು ಅಡ್ಡಿಯಿಲ್ಲ.

ಬೆಂಕಿ ಆರಿಸುವುದನ್ನೂ ಅವರಿಂದಲೇ ಮಾಡಿಸಿ. ನೀರು ಹೊಯ್ದು, ಕೋಲಿನಿಂದ ಕೆದಕಿ, ಮತ್ತೆ ನೀರು ಹೊಯ್ದು, ಅಂಗೈಯ ಬೆನ್ನನ್ನು ಬೂದಿಯ ಹತ್ತಿರ ಹಿಡಿದು ನೋಡಲಿ. ಬಿಸಿ ತಾಗಿದರೆ ಇನ್ನೊಂದು ತಂಬಿಗೆ.

ನಮಸ್ಕಾರ.